ಎಳೆಯದೆ ಕೊಟ್ಟ ಬಾಂಗು

ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಶಿರಸಿ ಟೆಂಪೋಕ್ಕೆ ಜನ ಕರೆಯುವ ಬುಡನ್‌ಸಾಬರ ಗಂಟಲೆಂದರೆ ಗಂಟಲು! "ಶಿರ್ಸೀ... ಶಿರ್ಸೀ..." ಎಂದು ಒಮ್ಮೆ ಎಳೆದರೆ ಸಾಕು, ಹೋಟೆಲಿನಲ್ಲಿ ಕೂತವರು ಅರ್ಧ ಚಾ ಬಿಟ್ಟು ಓಡಿ ಬರುತ್ತಿದ್ದರು. ಇಪ್ಪತ್ತು ವರ್ಷ ಎಳೆದೂ ಎಳೆದೂ ಆ ಚಾಳಿ ನಾಲಿಗೆಗೇ ಅಂಟಿತ್ತು. ಮನೆಯಲ್ಲಿ ಊಟಕ್ಕೆ ಕೂತು ಉಪ್ಪು ಕೇಳಿದರೂ ಕೊನೆಯಲ್ಲೊಂದು ರಾಗ.

ಈ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ. ಅಪ್ಪ ನಿಂತು ಬಾಂಗು ಕೊಡುತ್ತಿದ್ದ ಜಾಗದಲ್ಲೇ ನಿಂತು ತಾನೂ ಜನರನ್ನು ನಮಾಜಿಗೆ ಕರೆಯಬೇಕು. ೧೯೯೭ರಲ್ಲಿ ಬಾಂಗು ಕೊಡುವ ಮುದುಕರ ದನಿ ಬಿದ್ದುಹೋದಾಗ ಬುಡನ್‌ಸಾಬರು ಮಸೀದಿಯ ಇಮಾಮರ ಮುಂದೆ ಹೋಗಿ ನಿಂತರು. ಇಮಾಮರನ್ನು ಊರೆಲ್ಲ ಹಜರತ್ ಎನ್ನುತ್ತಿತ್ತು.

"ಎಲ್ಲಿ, ಹೇಳು ನೋಡುವ" ಎಂದರು ಹಜರತರು.

ಕೈಕಾಲು ಮುಖ ತೊಳೆದು ವಜೂ ಮಾಡಿದ್ದಾಯಿತು, ಪಶ್ಚಿಮಕ್ಕೆ ಮುಖ ಮಾಡಿದ್ದಾಯಿತು, ಕಿವಿಗೆ ಬೆರಳಿಟ್ಟದ್ದೂ ಆಯಿತು. ಬಾಯಿ ತೆರೆದದ್ದೇ ಕೆಟ್ಟಿತು ನೋಡಿ! "ಅಲ್ಲಾಹು ಅಕ್ಬಾ...ರ್!"

"ತೋಬಾ ತೋಬಾ! ಅಕ್ಬರ್ ಅಂದ್ರೆ ಎಲ್ಲರಿಗಿಂತ ದೊಡ್ಡವನು. ನೀನು ಹೀಗೆ ಎಳೆದ್ರೆ ಅರಬ್ಬಿಯಲ್ಲಿ ಅದು ಡೋಲು ಆಗ್ತದೆ ಬುಡನ್ ಮಿಯಾ! ಅಲ್ಲಾಹನ ಹೆಸರಲ್ಲಿ ಎಳಿ, ಬೇಡ ಅನ್ನೂದಿಲ್ಲ. 'ಬರ್' ಮಾತ್ರ ಗಿಡ್ಡ ಇರ್ಲಿ. ಶುಕ್ರವಾರದ ತನಕ ನೋಡ್ತೇನೆ. ಆಗದಿದ್ರೆ ಹೊರಗಿನವರನ್ನ ಕರೆಸೂದೇ."

ಬುಡನ್‌ಸಾಬರ ಮುಖ ಸಪ್ಪಗಾಯಿತು. ವಿಷಯ ಕೇಳಿ ಟೆಂಪೋ ಡ್ರೈವರ್ ಕೆರಿಯ ಮೊದಲು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಗೆಳೆಯನ ಕಣ್ಣಲ್ಲಿ ನೀರು ಕಂಡು ಹೆಗಲ ಮೇಲೆ ಕೈಯಿಟ್ಟ.

"ಇದಕ್ಕೆಂತ ಅಳೂದು ಮಾರಾಯ್ರೆ? ಶುಕ್ರವಾರದ ತನಕ ಶಿರ್ಸಿನೂ ಗಿಡ್ಡ ಮಾಡಿ. ಎಳೆದ್ರೆ ನಾನು ಹಾರ್ನ್ ಹೊಡೀತೆ!"

ಅಲ್ಲಿಂದ ಶುರುವಾಯಿತು ಫಜೀತಿ. ಬುಡನ್‌ಸಾಬರು "ಶಿರ್ಸಿ!" ಎಂದು ಕತ್ತರಿಸಿ ಒಗೆಯುವುದು, ಯಾರಿಗೆ ಬೈದರೋ ಎಂದು ಜನ ಹಿಂದೆ ತಿರುಗಿ ನೋಡುವುದು. ನಾಲಿಗೆ ಜಾರಿತೋ, ಪೋಂ ಎಂದು ಹಾರ್ನು. ನಾಲ್ಕು ದಿನ ಟೆಂಪೋ ಅರ್ಧ ಖಾಲಿ ಹೋಯಿತು. "ಹೋಗ್ಲಿ ಬಿಡಿ, ಅಡ್ಡಿಲ್ಲ" ಎಂದ ಕೆರಿಯ. ಅಂಥ ಗೆಳೆಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು, ನಾನಂತೂ ಹಾಗೇ ಹೇಳುತ್ತೇನೆ.

ಶುಕ್ರವಾರ ಮಧ್ಯಾಹ್ನ ಬುಡನ್‌ಸಾಬರು ಅಪ್ಪನ ಜಾಗದಲ್ಲಿ ಮೈಕಿನ ಮುಂದೆ ನಿಂತರು. ಕಿವಿಗೆ ಬೆರಳಿಟ್ಟರು. ಹಜರತರು ತಲೆ ತಗ್ಗಿಸಿ ಕೂತಿದ್ದರು.

"ಅಲ್ಲಾಹು ಅಕ್ಬರ್!"

ಗಿಡ್ಡ! ಚೊಕ್ಕ! ಎರಡನೆಯದೂ ಹಾಗೇ, ಮೂರನೆಯದೂ, ನಾಲ್ಕನೆಯದೂ. ಬಾಂಗು ಕೇಳಿದವರು ಆ ಮಾತನ್ನೇ ಮೆಲ್ಲಗೆ ಮರಳಿ ಹೇಳಬೇಕೆಂಬುದು ರಿವಾಜು. ತಪ್ಪು ಹುಡುಕಲು ಕೂತ ಹಜರತರು ತಿದ್ದುವುದನ್ನು ಬಿಟ್ಟು ಬುಡನ್‌ಸಾಬರ ಹಿಂದೆ ಹಿಂದೆಯೇ ಹೇಳುತ್ತ ಹೋದರು. ಬಲಕ್ಕೆ ಮುಖ ತಿರುಗಿಸಿ "ನಮಾಜಿಗೆ ಬನ್ನಿ" ಎಂದು ಕರೆಯುವಾಗ ಬುಡನ್‌ಸಾಬರಿಗೆ ಅದು ಕಣ್ಣಿಗೆ ಬಿತ್ತು. ಗೆದ್ದೆ ಎಂದು ಆಗಲೇ ಗೊತ್ತಾಯಿತು.

ನಮಾಜು ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದರೆ ಕೆರಿಯ ಟೆಂಪೋದಿಂದ ಧುಮುಕಿ ಅವರನ್ನು ತಬ್ಬಿಕೊಂಡ.

"ಮೈಕಲ್ಲಿ ಪೂರಾ ಕೇಳ್ದೆ, ಒಂದು ಸಲನೂ ಹಾರ್ನಿಗೆ ಕೈ ಹೋಗ್ಲಿಲ್ಲ ಸಾಬ್ರೆ! ಈಗ ಹೊಟ್ಟೆ ತುಂಬ ಎಳೀರಿ, ಗಾಡಿ ಖಾಲಿ ಉಂಟು!"

ಬುಡನ್‌ಸಾಬರು ಎದೆ ತುಂಬ ಉಸಿರು ತುಂಬಿಕೊಂಡರು. "ಶಿರ್ಸೀ......!"

ಹೋಟೆಲಿನಿಂದ ಐದು ಮಂದಿ ಎದ್ದು ಓಡಿ ಬಂದರು.