ಗೋಡೆಯ ಮೇಲಿನ ನೂಲು

ಕಳೆದ ವಾರ ವಿದ್ಯಾನಗರದ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹರಿಹರ ಸೀಮೆಯ ಹಳೆಯ ಶಾಸನಗಳ ಪುಟವೊಂದನ್ನು ತೆರೆದೆ. ಶಾಸನದ ಪಾಠದಲ್ಲಿದ್ದ ಒಂದು ಕೆರೆಯ ಹೆಸರನ್ನು ಒತ್ತಿದ್ದೇ ತಡ, ಆ ಪದದಿಂದ ಕೆಂಪು ಗೆರೆಯೊಂದು ಹೊರಟು ಪಕ್ಕದ ನಕ್ಷೆಯ ಚುಕ್ಕೆಗೆ ಹೋಗಿ ನಿಂತಿತು. ಇಂಥ ಗೆರೆಗಳನ್ನು ನಾನು ಹಿಂದೆಯೇ ನೋಡಿದ್ದೆ... ನೂಲಿನಲ್ಲಿ.

ಹರಿಹರದ ಶಾಲೆಗೆ ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಅಲ್ಲೊಬ್ಬರು ಇತಿಹಾಸದ ಮೇಷ್ಟ್ರಿದ್ದರು. ಹೊಳೆಯ ಹತ್ತಿರ ಒಂದು ಬಾಡಿಗೆ ಕೋಣೆ, ಒಂಟಿ ಜೀವ. ಕೋಣೆಯ ದೊಡ್ಡ ಗೋಡೆಯ ನಡುವೆ ಸುತ್ತಲ ಸೀಮೆಯ ನಕ್ಷೆ. ಎಡಕ್ಕೆ ಶಾಸನಗಳ ಪ್ರತಿ. ಬಲಕ್ಕೆ ಊರೂರು ತಿರುಗಿ ಮುದುಕರಿಂದ ಕೇಳಿ ಬರೆದ ಚೀಟಿಗಳು. ಶಾಸನದ ಪದದಿಂದ ನಕ್ಷೆಗೆ ಕೆಂಪು ನೂಲು, ನಕ್ಷೆಯಿಂದ ಚೀಟಿಗೆ ನೀಲಿ ನೂಲು.

“ಇದೇನ್ ಮೇಷ್ಟ್ರೆ, ಜೇಡನ ಬಲೆ?” ಎಂದೆ ಮೊದಲ ದಿನ.

“ಯಾವುದು ಎಲ್ಲಿಂದ ಬಂತು ಅಂತ ಕಣ್ಣಿಗೆ ಕಾಣ್ಬೇಕ್ರಿ. ಇಲ್ಲಾಂದ್ರ ನಾಳೆ ಯಾರು ನಂಬ್ತಾರ?”

ಗೋಡೆ ಪೂರ್ತಿಯಾದ ಮೇಲೆ ಅದನ್ನು ನೋಡಿಕೊಂಡೇ ಪುಸ್ತಕ ಬರೆಯಬೇಕೆಂದಿದ್ದರು. ಅಷ್ಟರಲ್ಲಿ ಕಣ್ಣು ಮಂಜಾಗತೊಡಗಿತು. ಯುಗಾದಿಗೆ ಮುಂಚೆ ನಾನೇ ಅವರನ್ನು ದಾವಣಗೆರೆಗೆ ಕರೆದೊಯ್ದು ತೋರಿಸಿದೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದೂ ಕ್ರಮೇಣ ಹೋಗುತ್ತದೆ ಎಂದರು ಡಾಕ್ಟರು. ಬಸ್ಸಿನಲ್ಲಿ ಮೇಷ್ಟ್ರು, “ಇರ್ಲಿ ಬಿಡ್ರಿ, ಗೋಡೆ ಐತಲ್ಲ. ನಾ ಹೇಳ್ತೀನಿ, ನೀವು ನೂಲು ಹಿಡಿದು ಬರೀರಿ” ಎಂದರು.

ಬಂದು ಕೋಣೆಯ ಬಾಗಿಲು ತೆಗೆದರೆ ಹಸಿ ಸುಣ್ಣದ ವಾಸನೆ. ಗೋಡೆ ಬೆಳ್ಳಗೆ, ಖಾಲಿ...

ಮನೆಯ ಯಜಮಾನಿ ನಗುತ್ತಾ ಬಂದರು. “ಹಬ್ಬಕ್ಕ ನಿಮ್ಮ ಕೋಣೆಗೂ ಸುಣ್ಣ ಹೊಡಿಸೀವ್ರಿ ಮೇಷ್ಟ್ರೆ. ಒಂದು ಹಾಳೀನೂ ಹರಿದಿಲ್ಲ, ದೊಡ್ಡವು ಕೆಳಗ, ಸಣ್ಣವು ಮ್ಯಾಲೆ ಜೋಡಿಸೀನಿ ನೋಡ್ರಿ.” ನೂಲನ್ನೂ ಎಸೆದಿರಲಿಲ್ಲ, ಕೆಂಪು, ನೀಲಿ ಬೇರೆ ಮಾಡಿ ಉಂಡೆ ಸುತ್ತಿಟ್ಟಿದ್ದರು. ಯಾವ ಚೀಟಿ ಯಾವ ಊರಿನದೆಂದು ಹೇಳುತ್ತಿದ್ದದ್ದು ಆ ನೂಲು ಮಾತ್ರ. ಅಷ್ಟು ಅಚ್ಚುಕಟ್ಟಾದ ನಾಶವನ್ನು ನಾನು ಮತ್ತೆಂದೂ ಕಂಡಿಲ್ಲ.

ಮೇಷ್ಟ್ರು ಗೋಡೆಯ ಮೇಲೆ ಅಂಗೈ ಸವರುತ್ತಾ ಬಹಳ ಹೊತ್ತು ನಿಂತರು. ಕೊನೆಗೆ, “ಭಾಳ ಚಂದ ಆಗೇತ್ರಿ, ಅಕ್ಕಾರೆ” ಎಂದರು.

ಹಬ್ಬ ಕಳೆದ ಮೇಲೆ ಮತ್ತೆ ಕಟ್ಟೋಣವೆಂದೆ. “ಬ್ಯಾಡ್ರಿ” ಎಂದರು, ಅಷ್ಟೇ. ಪುಸ್ತಕ ಬರಲಿಲ್ಲ. ಮೇಷ್ಟ್ರು ಹೋಗಿಯೂ ಎಷ್ಟೋ ವರ್ಷವಾಯಿತು, ಆ ಚೀಟಿಗಳು ಏನಾದವೋ ತಿಳಿಯದು.

ಗ್ರಂಥಾಲಯದಲ್ಲಿ ಆ ಚುಕ್ಕೆಯನ್ನು ಒತ್ತಿದೆ. ಆನಗೋಡಿನ ಕಡೆಯ ಕೆರೆ ಅದು. ‘ಟಿಪ್ಪಣಿ ಇಲ್ಲ’ ಎಂದು ಬಂತು. ಇತ್ತು. ಆ ಕೆರೆಯ ಬಗ್ಗೆ ಅಲ್ಲಿನ ಮುದುಕಿಯೊಬ್ಬಳು ಹೇಳಿದ್ದನ್ನು ಮೇಷ್ಟ್ರು ಬರೆದಿದ್ದರು, ನಾನೇ ಗಟ್ಟಿಯಾಗಿ ಓದಿದ್ದೆ, ಇಬ್ಬರೂ ನಕ್ಕಿದ್ದೆವು. ಅವಳು ಏನು ಹೇಳಿದ್ದಳು? ಬಾಗಿಲು ಹಾಕುವವರೆಗೂ ಕೂತೆ... ನಕ್ಕದ್ದಷ್ಟೇ ನೆನಪಾಯಿತು.