ಗಿಲ್ನಾಮ್ ಅಣ್ಣ ಕಲಿಸಿದ ತಾಳ

ಪ್ಯೋ ಗಿಲ್ನಾಮ್ ಅಣ್ಣ ಮೂವತ್ತೆಂಟು ವರ್ಷ ಕೊರಿಯಾದ ನಮ್ಮ ಗುನ್ಸಾನ್ ಬಂದರಿನ ಬೀದಿಗಳಲ್ಲಿ ಟ್ಯಾಕ್ಸಿ ಓಡಿಸಿದವರು. ಒಂದೇ ಒಂದು ಅಪಘಾತವಿಲ್ಲ. ಮೊದಲು ಕಂಪನಿ ಗಾಡಿ, ಆಮೇಲೆ ಸ್ವಂತದ್ದು. ವರ್ಷಗಟ್ಟಲೆ ಯಾರಿಗೂ ತಾಗಿಸದೆ ಓಡಿಸಿದವರಿಗಷ್ಟೇ ಸ್ವಂತ ಟ್ಯಾಕ್ಸಿಯ ಪರವಾನಗಿ ಸಿಗುತ್ತಿದ್ದ ಕಾಲ ಅದು. ಆ ಹೆಮ್ಮೆ ಅವರಿಗೆ ಸ್ವಲ್ಪ ಜಾಸ್ತಿಯೇ ಇತ್ತು. ಗಾಡಿಯಲ್ಲಿ ಸಿಕ್ಕಿಸಿದ್ದ ಗುರುತಿನ ಚೀಟಿಯ ಫೋಟೋದಲ್ಲಿ ತಲೆತುಂಬ ಕೂದಲಿನ ಯುವಕ, ಸೀಟಿನಲ್ಲಿ ಬೋಳುತಲೆಯ ಮುದುಕ.

"ಫೋಟೋ ಬದಲಾಯ್ಸಿ ಅಣ್ಣ, ಹತ್ತಿದೋರು ಡ್ರೈವರ್ ಎಲ್ಲಿ ಅಂತ ಕೇಳ್ತಾರೆ" ಎಂದು ನಾನು ಛೇಡಿಸುತ್ತಿದ್ದೆ.

"ಇಳಿಯೋ ಹೊತ್ತಿಗೆ ಗೊತ್ತಾಗುತ್ತೆ ಬಿಡಮ್ಮ, ಅದೇ ಕೈ ಅಂತ."

ನನ್ನದು ಡ್ರೈವರುಗಳ ಊಟದ ಅಂಗಡಿ. ಸೋಯಾ ಸಾರು, ಸುಟ್ಟ ಮೀನು, ಅನ್ನ. ಕೂತ ಎರಡು ನಿಮಿಷಕ್ಕೆ ಮೇಜಿಗೆ ಬರಬೇಕು. ಎಪ್ಪತ್ತು ತುಂಬಿದ ಡ್ರೈವರುಗಳಿಗೆ ವರ್ಷಕ್ಕೊಮ್ಮೆ ಪರೀಕ್ಷೆಯಿದೆ, ಪಾಸಾಗದೆ ಗಾಡಿ ತೆಗೆಯುವ ಹಾಗಿಲ್ಲ. ಎಲ್ಲರೂ ಹೆದರುತ್ತಿದ್ದದ್ದು ನೋಟದ ಪರೀಕ್ಷೆಗೆ. ಪರದೆಯ ನಡುವೆ ಕಣ್ಣು ನೆಟ್ಟು ಕೂರಬೇಕು. ಎಡಕ್ಕೋ ಬಲಕ್ಕೋ ಅಂಚಿನಲ್ಲಿ ಚುಕ್ಕೆ ಮಿನುಗಿದಾಗ ಗುಂಡಿ ಒತ್ತಬೇಕು.

ನಾಲ್ಕು ವರ್ಷ ಆ ಪರೀಕ್ಷೆಗೆ ಕೂತ ಗಿಲ್ನಾಮ್ ಅಣ್ಣ ಒಂದು ಗುಟ್ಟು ಹಿಡಿದರು. ನಮ್ಮೂರಿನ ಆ ಹಳೇ ಯಂತ್ರದಲ್ಲಿ ಚುಕ್ಕೆಗಳು ಒಂದು ತಾಳದಲ್ಲಿ ಬರುತ್ತಿದ್ದವು. ಮೂರು ಎಣಿಸಿದರೆ ಒಂದು, ಮತ್ತೆ ಮೂರಕ್ಕೆ ಒಂದು, ಆಮೇಲೆ ಎರಡಕ್ಕೆ ಒಂದು. ಅವರಿಗೆ ಈ ತಾಳದ ಅಗತ್ಯವೇ ಇರಲಿಲ್ಲ, ಕಣ್ಣು ಹದ್ದಿನ ಹಾಗಿತ್ತು. ಆದರೂ ಉಳಿದವರಿಗೆ ಕಲಿಸಿದರು. ಸ್ವಲ್ಪ ಕನಿಕರ, ಸ್ವಲ್ಪ ಮೇಷ್ಟ್ರಾಗುವ ಚಟ. ಮಧ್ಯಾಹ್ನದ ಗಿರಾಕಿಗಳು ಖಾಲಿಯಾದ ಮೇಲೆ ನನ್ನ ಮೇಜುಗಳಲ್ಲೇ ಪಾಠ. ಚಮಚದಿಂದ ಮೇಜು ಕುಟ್ಟಿ ತಾಳ ಹಾಕುತ್ತಿದ್ದವಳು ನಾನು. ಮುದುಕರು ಸಾರಿನ ಬಟ್ಟಲಿನ ಮುಚ್ಚಳವನ್ನೇ ಗುಂಡಿ ಮಾಡಿಕೊಂಡು ಒತ್ತುತ್ತಿದ್ದರು. ನಕ್ಕು ನಕ್ಕು ಸುಸ್ತಾಗುತ್ತಿತ್ತು. ಹನ್ನೊಂದು ಜನ ಕಲಿತರು.

ಹನ್ನೊಂದನೆಯವರು ಸಂಗ್ದೊಕ್, ಗಿಲ್ನಾಮ್ ಅಣ್ಣನ ಜೊತೆ ಒಂದೇ ದ್ವೀಪದಿಂದ ಒಂದೇ ದೋಣಿಯಲ್ಲಿ ಬಂದ ಗೆಳೆಯ. ಎರಡು ಸಲ ಫೇಲಾಗಿದ್ದರು. "ಮನೇಲಿ ಕೂತ್ರೆ ಸತ್ತೋಗ್ತೀನಿ ಕಣೋ" ಎಂದು ಮಗುವಿನಂತೆ ಅತ್ತಿದ್ದರು. ಊಟಕ್ಕೆ ಕೂತರೆ ಅವರು ಎಡಗಡೆಯ ಬಟ್ಟಲನ್ನು ಮುಟ್ಟುತ್ತಲೇ ಇರಲಿಲ್ಲ.

"ಎಡಗಡೆ ಪಲ್ಯದ ಮೇಲೆ ಏನು ಸಿಟ್ಟು ನಿಮಗೆ?" ಎಂದು ನಾನು ಕೇಳಿದ್ದೆ. ಗಿಲ್ನಾಮ್ ಅಣ್ಣ ಆ ಬಟ್ಟಲನ್ನು ಎತ್ತಿ ಬಲಕ್ಕಿಟ್ಟರು. ಎಡಗಡೆಯದು ಅವರಿಗೆ ಕಾಣುವುದಿಲ್ಲವೆಂದು ನಾವಿಬ್ಬರೂ ಕಂಡಿದ್ದೆವು. ನಾನು ಚಮಚ ಹಿಡಿದೆ.

ಸಂಗ್ದೊಕ್ ಪಾಸಾದರು.

ನವೆಂಬರಿನಲ್ಲಿ ಊರೆಲ್ಲ ಚಳಿಗಾಲಕ್ಕೆ ಎಲೆಕೋಸಿನ ಉಪ್ಪಿನಕಾಯಿ, ಕಿಮ್ಚಿ, ಹಾಕುವ ಗಡಿಬಿಡಿ. ಇಪ್ಪತ್ತು ವರ್ಷದಿಂದ ನನಗೆ ಎಲೆಕೋಸು ಕೊಡುತ್ತಿದ್ದ ಮ್ಯೊಂಗ್ಜಾ ಒಂದು ಬೆಳಿಗ್ಗೆ ಕೈಗಾಡಿ ತಳ್ಳಿಕೊಂಡು ರಸ್ತೆಯ ಬಿಳಿ ಪಟ್ಟೆ ದಾಟುತ್ತಿದ್ದಳು. ಟ್ಯಾಕ್ಸಿಯ ಎಡಗಡೆಯಿಂದ. ಸಂಗ್ದೊಕ್ ಬ್ರೇಕನ್ನೇ ಒತ್ತಲಿಲ್ಲ. ಎಲೆಕೋಸುಗಳು ಮೀನು ಮಾರುಕಟ್ಟೆಯ ಬಾಗಿಲ ತನಕ ಉರುಳಿದ್ದವಂತೆ. ಅವಳು ಬರುತ್ತಿದ್ದದ್ದು ನನ್ನ ಅಂಗಡಿಗೆ. ನಾನು ಉಪ್ಪು ಕರಗಿಸಿ ಕಾಯುತ್ತಿದ್ದೆ.

ಮ್ಯೊಂಗ್ಜಾಳ ಅಂತ್ಯಕ್ರಿಯೆಗೆ ಗಿಲ್ನಾಮ್ ಅಣ್ಣ ಹೋದರು, ಒಳಗೆ ಕಾಲಿಡಲಾಗದೆ ವಾಪಸು ಬಂದರು. ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾಳೆ ನನ್ನ ಪರೀಕ್ಷೆ. ಹೋಗಿ ಎಲ್ಲ ಹೇಳ್ಬಿಡ್ತೀನಿ" ಎಂದರು. "ಉಳಿದ ಹತ್ತು ಜನ ಇನ್ನೂ ಓಡಿಸ್ತಿದಾರೆ."

ಮರುದಿನ ಮಧ್ಯಾಹ್ನ ಬಂದು ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. ನೋಟ: ಮೊದಲ ದರ್ಜೆ.

"ಹೇಳ್ತೀನಿ ಅಂದ್ರಿ, ಪಾಸಾಗಿ ಬಂದಿದೀರಲ್ಲ."

"ಕಣ್ಣು ಮುಚ್ಕೊಂಡು ಕೂತೆ" ಎಂದರು. "ಶುರುವಿನಿಂದ ಕೊನೇವರೆಗೂ ತೆಗೀಲೇ ಇಲ್ಲ. ಅಲ್ಲಿ ಪರೀಕ್ಷೆ ನಡೆಸೋ ಹುಡುಗಿಗೆ ತೋರಿಸೋಣ ಅಂತ. ಪಾಸ್ ಅಂತ ಬಂತು."

"ಅವಳೇನಂದ್ಲು?"

"ಎಲ್ಲ ಹೇಳ್ದೆ, ಸಂಗ್ದೊಕ್ ವಿಷಯಾನೂ. ಅದಕ್ಕವಳು, 'ತಾತ, ನೀವು ಹೇಳೋದು ನಿಜ ಆದ್ರೆ ಇಲ್ಲಿ ಪಾಸಾದೋರನ್ನೆಲ್ಲ ಮತ್ತೆ ಕರೀಬೇಕಾಗುತ್ತೆ, ನನ್ನ ಕೈಲಿ ಏನಿದೆ, ನಿಧಾನಕ್ಕೆ ಓಡ್ಸಿ' ಅಂದ್ಲು. ಮುಂದಿನೋರನ್ನ ಕರೆದ್ಲು."

ಅವರು ಆ ಫೋಟೋದ ಚೀಟಿಯನ್ನೂ ಕಿತ್ತು ತಂದಿದ್ದರು. ಆ ವಾರವೇ ಪರವಾನಗಿ ವಾಪಸು ಕೊಟ್ಟರು. ಆಮೇಲೆ ಹತ್ತು ಜನರ ಮನೆಗೂ ನಡೆದೇ ಹೋದರು. ಇಬ್ಬರು ಚಹಾ ಕೊಟ್ಟರು, ಒಬ್ಬ ಬಾಗಿಲು ತೆರೆಯಲಿಲ್ಲ, ಒಬ್ಬ ಬೈದು ಅಟ್ಟಿದ. ಗಾಡಿ ಬಿಟ್ಟವರು ಯಾರೂ ಇಲ್ಲ. ಮುಂದಿನ ಚಳಿಗಾಲದಲ್ಲಿ ಗಿಲ್ನಾಮ್ ಅಣ್ಣ ನಿದ್ದೆಯಲ್ಲೇ ಹೋದರು. ಮನೇಲಿ ಕೂತರೆ ಸಾಯುವವನು ಸಂಗ್ದೊಕ್ ಎಂದುಕೊಂಡಿದ್ದೆವು.

ನಾನು ಪರೀಕ್ಷಾ ಕೇಂದ್ರಕ್ಕೆ ಎರಡು ಸಲ ಪತ್ರ ಬರೆದೆ. ಉತ್ತರವಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯ. ಆ ಹತ್ತೂ ಜನ ನನ್ನ ಅನ್ನ ಉಂಡವರು, ನನ್ನ ಚಮಚದ ಸದ್ದಿಗೆ ಪಾಸಾದವರು. ಈಗ ಮಾರುಕಟ್ಟೆಗೆ ಹೋಗುವಾಗ ಪಟ್ಟೆಯ ಅಂಚಿನಲ್ಲಿ ನಿಂತು, ಬರುವ ಟ್ಯಾಕ್ಸಿಯೊಳಗಿನ ಮುಖ ನೋಡುತ್ತೇನೆ. ಗುರುತಿನವರಾದರೆ ನನ್ನನ್ನು ಕಂಡು ಕೈ ಬೀಸಬೇಕು. ಬೀಸಿದರೆ ದಾಟುತ್ತೇನೆ. ಬೀಸದಿದ್ದರೆ, ಹಸಿರು ದೀಪ ಉರಿಯುತ್ತಿದ್ದರೂ, ನಿಂತಲ್ಲೇ ನಿಲ್ಲುತ್ತೇನೆ.