ಮೂರು ಶೆಡ್ಡಿಗೆ ಒಂದು ರಿಮೋಟು

ನಾನು ನಿಂತಿದ್ದದ್ದು ಶಿವಾರಪಟ್ಟಣದ ನಮ್ಮ ನಡುವಿನ ಶೆಡ್ಡಿನಲ್ಲಿ, ಬಾಗಿಲಿನಿಂದ ಮೂರು ಹೆಜ್ಜೆ ಒಳಗೆ. ಎರಡು ವರ್ಷದ ಹಿಂದಿನ ಕಾರ್ತಿಕ ಮಾಸ, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ರಿಮೋಟು ಬಲಗೈಯಲ್ಲಿತ್ತು. ಎಡಕ್ಕೆ ತಿರುಗಿದ್ದರೆ ಗಿಡ್ಡ ಗೋಡೆಯ ಆಚೆ ಚಿಕ್ಕಪ್ಪನ ಶೆಡ್ಡು ಪೂರ್ತಿ ಕಾಣುತ್ತಿತ್ತು. ನಾನು ತಿರುಗಲಿಲ್ಲ.

ನಮ್ಮದು ವಿಗ್ರಹ ಕಡೆಯುವ ಮನೆ. ಸಾಲಾಗಿ ಮೂರು ಶೆಡ್ಡು, ಮೂರರಲ್ಲೂ ಕಲ್ಲೆತ್ತುವ ಕರೆಂಟಿನ ಚೈನು, ಪ್ರತಿಯೊಂದರ ಮೇಲೂ ತೊಲೆಗೆ ಕೂರಿಸಿದ ವೈರ್‌ಲೆಸ್ ಡಬ್ಬ. ಮೂರು ಡಬ್ಬಕ್ಕೂ ಸೇರಿ ಒಂದೇ ರಿಮೋಟು. ಅದರ ನೆತ್ತಿಯ ನಾಬನ್ನು ಯಾವ ನಂಬರಿಗೆ ತಿರುಗಿಸುತ್ತೇವೋ ಆ ಶೆಡ್ಡಿನ ಚೈನು ಮಾತ್ರ ಓಡುತ್ತಿತ್ತು.

ಆ ರಿಮೋಟು ಹಿಂದಿನ ವಾರ ಕಲ್ಲುಪುಡಿಯ ನೀರಿನ ಬಕೆಟ್ಟಿಗೆ ಬಿದ್ದು ಕೆಟ್ಟಿತು. ಆ ಹೊತ್ತಿಗೆ ಚಿಕ್ಕಪ್ಪನ ಶೆಡ್ಡಿನಲ್ಲಿ ಮುಳಬಾಗಿಲ ಕಡೆಯ ಒಂದು ಊರಿನ ಅಮ್ಮನವರ ವಿಗ್ರಹ ತನ್ನ ಪೀಠದಿಂದ ಎರಡು ಬೆರಳು ಮೇಲೆ ತೂಗುತ್ತಿತ್ತು. ಹಾಗೆಯೇ ಉಳಿಯಿತು. ಬೇರೆ ಕಲ್ಲಾಗಿದ್ದರೆ ಅಡಿಗೆ ಮರದ ತುಂಡು ಕೊಡುತ್ತಿದ್ದೆವು. ಮುಖ ಕಡೆದ ವಿಗ್ರಹದ ಪಾದದಡಿ ನಮ್ಮ ಮನೆಯಲ್ಲಿ ಕಟ್ಟಿಗೆ ಇಡುವುದಿಲ್ಲ. ಚಿತೆ ಒಟ್ಟಿದ ಹಾಗಾಗುತ್ತದೆ ಎಂದು ತಾತ ಹೇಳುತ್ತಿದ್ದರು.

ನಾಲ್ಕು ದಿನ ರಿಮೋಟು ಹುಡುಕಿದೆ. ಮಾಲೂರಿನಲ್ಲಿ ಆ ಮಾಡೆಲ್ಲು ಬರುವುದೇ ನಿಂತಿದೆ ಎಂದರು. ಕೋಲಾರದಲ್ಲಿ ಕೊಟ್ಟ ರಿಮೋಟಿಗೆ ಡಬ್ಬದ ದೀಪ ಮಿನುಗಿತೇ ಹೊರತು ಚೈನು ಅಲುಗಲಿಲ್ಲ. ಶ್ರೀನಿವಾಸಪುರದ ಅಂಗಡಿಯವರು ಹಳೆಯದನ್ನು ತಿರುವಿ ತಿರುವಿ ನೋಡಿ, "ಏಮಪ್ಪಾ, ಮಾವಿನಕಾಯಿ ಕೇಳು, ಲೋಡುಗಟ್ಲೆ ಕೊಡಿಸ್ತೀನಿ. ಇದಕ್ಕೆ ಜೋಡಿ ಎಲ್ಲಿಂದ ತರ್ಲಿ?" ಎಂದರು. ಕೊನೆಗೆ ನರಸಾಪುರದ ಗುಜರಿಯಲ್ಲಿ ಸಿಕ್ಕಿತು. ಅದೇ ಬಣ್ಣ, ಅದೇ ಗುರುತು. ನಾಬ್ ಇರಲಿಲ್ಲ.

"ನಾಬ್ ಇಲ್ವಲ್ಲಣ್ಣ?"

"ಇಲ್ದಿದ್ರೆ ಏನೀಗ? ಎದುರಿಗಿರೋದನ್ನ ಹಿಡಿಯುತ್ತೆ, ಟೀವಿ ರಿಮೋಟ್ ಇದ್ದಂಗೆ."

ನಂಬಿದೆ. ಯಾವ ಡಬ್ಬ ಓಗೊಡಬೇಕೆಂದು ಗೊತ್ತುಮಾಡುವ, ರಿಮೋಟಿನೊಳಗಿನ ಪುಟ್ಟ ಸ್ವಿಚ್ಚುಗಳನ್ನು ನನ್ನ ಡಬ್ಬದಲ್ಲಿದ್ದ ಹಾಗೆಯೇ ಇಟ್ಟೆ. ಮೂರು ಡಬ್ಬದಲ್ಲೂ ಅವು ಒಂದೇ ರೀತಿ ಇದ್ದವು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯೋಚಿಸಲಿಲ್ಲ.

"ಚಿಕ್ಕಪ್ಪ, ಮೇನ್ ಹಾಕ್ತೀನಿ," ಎಂದೆ. ಮೂರು ಶೆಡ್ಡಿಗೂ ಒಂದೇ ಮೇನ್; ಮೂರನೆಯದು ಅವತ್ತು ಖಾಲಿಯಿತ್ತು.

"ಹಾಕು. ಮೊದ್ಲು ನಿನ್ ಕಲ್ಲಿಗೆ ನೋಡ್ಲಾ. ನಮ್ಮಮ್ಮನ ಮೇಲೆ ನಿನ್ ಪರೀಕ್ಷೆ ಬೇಡ."

ಮೇಲಿನ ಬಟನ್ ಒತ್ತಿದೆ. ನನ್ನ ಕಲ್ಲು ಒಂದು ಗೇಣು ಎದ್ದಿತು.

"ಸಾಕು ಕಣೋ," ಎಂದರು ಚಿಕ್ಕಪ್ಪ.

ನನ್ನ ಕಲ್ಲನ್ನು ನೋಡಿ ಹೇಳಿದರೆಂದುಕೊಂಡು ಬಟನ್ ಬಿಟ್ಟೆ. ಅವರ ವಿಗ್ರಹವೂ ಒಂದು ಗೇಣು ಎದ್ದಿತ್ತು. ನನ್ನ ಪರೀಕ್ಷೆ ಮುಗಿಯಿತು, ಈಗ ತಮಗಾಗಿ ಎತ್ತುತ್ತಿದ್ದೇನೆ ಎಂದುಕೊಂಡು ಅವರು ಪೀಠದ ಕುಳಿಯಲ್ಲಿದ್ದ ಪುಡಿ ಒರೆಸಲು ಕೈ ಹಾಕಿದರು. ಇದನ್ನು ನಾನು ನೋಡಿಲ್ಲ, ಆಮೇಲೆ ಕೇಳಿದ್ದು. ನಾನು ನನ್ನ ಕಲ್ಲಿಗೆ ಸುತ್ತಿದ್ದ ಬೆಲ್ಟು ಬಿಗಿಯಾಗಿದೆಯೇ ಎಂದು ನೋಡಿ ಕೆಳಗಿನ ಬಟನ್ ಒತ್ತಿದೆ.

ಚಿಕ್ಕಪ್ಪನ ಶೆಡ್ಡಿನಲ್ಲಿ ಪಾಲಿಶ್ ಮಾಡುತ್ತಿದ್ದ ಕೆಲಸದ ಅಕ್ಕನ ಮಿಷಿನ್ನು ನಿಂತಿತು. ಆಕೆ ತೆಲುಗಿನಲ್ಲಿ "ಚೆಯ್ಯಿ, ಚೆಯ್ಯಿ" ಎಂದರು, ಕೈ, ಕೈ ಎಂದು. ಮೇಲಿನ ಬಟನ್ ಒತ್ತಿ ಆಗ ಎಡಕ್ಕೆ ತಿರುಗಿದೆ. ನನ್ನ ಕಲ್ಲೂ ಅಮ್ಮನವರೂ ಒಟ್ಟಿಗೆ ಏಳುತ್ತಿದ್ದರು.

ಕೋಲಾರದ ಆಸ್ಪತ್ರೆಯಲ್ಲಿ ನಾನು ಬಾಯಿ ತೆರೆಯುವ ಮುಂಚೆಯೇ ಚಿಕ್ಕಪ್ಪ, "ಬೆಲ್ಟ್ ಜಾರ್ತು ಡಾಕ್ಟ್ರೇ," ಎಂದರು. ಅವರ ಬಲಗೈಯ ನಾಲ್ಕು ಬೆರಳು ತೆಗೆಯಬೇಕಾಯಿತು. ಮನೆಯಲ್ಲೂ ಚಿಕ್ಕಪ್ಪ ಬೆಲ್ಟಿನ ಮಾತನ್ನೇ ಹೇಳಿದರು. ಒಂದು ದಿನ ಅವರೊಬ್ಬರೇ ಇದ್ದಾಗ, "ಜಾರಿದ್ದಲ್ಲ ಚಿಕ್ಕಪ್ಪ," ಎಂದೆ.

"ಗೊತ್ತು. ನಿನ್ ಕೈ ನೆಟ್ಟಗೈತಲ್ಲ, ಹೋಗಿ ಕೆಲ್ಸ ನೋಡ್ಲಾ."

ವಿಗ್ರಹದ ಕಣ್ಣು ಬಾಕಿಯಿತ್ತು. ನಮ್ಮಲ್ಲಿ ಕಣ್ಣು ಬಿಡಿಸುತ್ತಿದ್ದವರು ಅವರೊಬ್ಬರೇ. ಅವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಎಲ್ಲಿ, ಎಷ್ಟು ಎಂದು ಹೇಳಿದರು. ನಾನು ಬಿಡಿಸಿದೆ. ಅವರು ಹೇಳಿದಲ್ಲಿಗೇ ಉಳಿ ಹೋಯಿತು. ತಪ್ಪಬೇಕಿತ್ತು ಎಂದು ಅಂದುಕೊಂಡದ್ದು ನೆನಪಿದೆ. ಅದಕ್ಕಿಂತ ಹೆಚ್ಚೇನೂ ಅನ್ನಿಸಲಿಲ್ಲ. ಲಾರಿ ಬಂದು ಅಮ್ಮನವರನ್ನು ಕರೆದೊಯ್ಯಿತು. ಅವತ್ತಿನಿಂದ ಚಿಕ್ಕಪ್ಪ ಉಳಿ ಹಿಡಿದಿಲ್ಲ.

ಬೆಲ್ಟು ಜಾರಲಿಲ್ಲ. ಬಟನ್ ಒತ್ತಿದವನು ನಾನು. ಅವತ್ತು ಅಲ್ಲಿ ಕಣ್ಣಾರೆ ಕಂಡವರು ಮೂವರು. ವಿಗ್ರಹ ನೋಡಲು ಬಂದು ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ಆ ಊರಿನ ಹಿರಿಯರು ಹೋದ ವರ್ಷ ತೀರಿಕೊಂಡರು. ಪಾಲಿಶಿನ ಅಕ್ಕ ಇದ್ದಾರೆ, ಈಗಲೂ ನಮ್ಮಲ್ಲೇ ಕೆಲಸಕ್ಕೆ ಬರುತ್ತಾರೆ. ಚಿಕ್ಕಪ್ಪ ಇದ್ದಾರೆ.